ಹಕ್ಕಿ ಡಿಕ್ಕಿಯಿಲ್ಲದ ದಿನಗಳು

ಬಿಳಗೂರು ವಿಮಾನ ನಿಲ್ದಾಣದ ಬೇಲಿಯುದ್ದಕ್ಕೂ ಹನ್ನೆರಡು ಕಂಬಗಳು ನಿಂತಿದ್ದವು. ನೋಡಲು ಬೀದಿದೀಪದ ಕಂಬಗಳಂತೆಯೇ ಇದ್ದವು, ದೀಪ ಮಾತ್ರ ಇರಲಿಲ್ಲ. ಬೆಳಗಿನ ಆರೂವರೆಗೆ ಹೈದರಾಬಾದಿನ ವಿಮಾನ ಇಳಿಯುವ ಹೊತ್ತಿಗೆ ಕೆರೆಯ ಕಡೆಯಿಂದ ಬೆಳ್ಳಕ್ಕಿಗಳ ಸಾಲೊಂದು ಎದ್ದು ಬಂತು. ಬೇಲಿ ಇನ್ನೂ ದೂರವಿರುವಾಗಲೇ ಆ ಸಾಲು ಗಾಳಿಯಲ್ಲಿ ಏನನ್ನೋ ಕಂಡು ಬೆದರಿದಂತೆ ಮುರಿಯಿತು. ಹಕ್ಕಿಗಳು ಒಂದರ ಮೇಲೊಂದು ಬಿದ್ದು, ಹೊರಳಿ, ಬಂದ ದಾರಿಗೇ ಹೋದವು. ಅಲ್ಲಿ ಏನೂ ಇರಲಿಲ್ಲ. ಬರೀ ಬಿಳಿ ಆಕಾಶ.

ನಿರ್ಗಮನ ಹಾಲಿನ ಗಾಜಿನ ಹಿಂದೆ ನಿಂತು ಲಕ್ಕವ್ವ ಇದನ್ನು ನೋಡಿದಳು. ಹಾಲಿನ ನೆಲ ಒರೆಸಲು ತಾನೇ ಓಡಾಡುವ ಯಂತ್ರವಿತ್ತು. ಅದು ನುಗ್ಗಲಾರದ ಮೂಲೆಗಳಿಗೆ ಲಕ್ಕವ್ವ ಇದ್ದಳು. ನಿಲ್ದಾಣ ಕಟ್ಟುವಾಗ ಜಮೀನು ಕೊಟ್ಟ ಮನೆಗೊಂದು ಕೆಲಸ ಎಂದು ಮಾತು ಕೊಟ್ಟಿದ್ದರು. ಕೊಟ್ಟರು ಕೂಡ. ಅವಳ ಊರು ಸಣ್ಣಕೊಪ್ಪದ ಪಾಲಿಗೆ ಬಂದ ಕೆಲಸಗಳೆಲ್ಲ ಪೊರಕೆ ಹಿಡಿಯುವವೇ ಆಗಿದ್ದವು.

ಎದುರಿನ ಗೋಡೆಯ ಮೇಲೊಂದು ಫಲಕವಿತ್ತು. ‘ಹಕ್ಕಿ ಡಿಕ್ಕಿಯಿಲ್ಲದ ದಿನಗಳು’ ಎಂಬ ಅಕ್ಷರಗಳ ಕೆಳಗೆ ಕೆಂಪು ಅಂಕಿ: 97. ದಿನಾ ಬೆಳಿಗ್ಗೆ ಅದು ಒಂದೊಂದೇ ಏರುತ್ತಿತ್ತು. ಲಕ್ಕವ್ವ ಅದನ್ನು ಎಷ್ಟೋ ಸಲ ಒರೆಸಿದ್ದಳು. ಇಂದು ಮೊದಲ ಸಲ ಓದಿ, ಬೆರಳು ಮಡಿಚಿ ಹಿಂದಕ್ಕೆ ಎಣಿಸತೊಡಗಿದಳು.

ಅವಳ ಅಪ್ಪ ಭರಮಪ್ಪ ತೀರಿಕೊಂಡು ಅದು ಐದನೆಯ ದಿನ. ಸೂತಕದಲ್ಲೇ ಕೆಲಸಕ್ಕೆ ಹೋದಳೆಂದು ಊರು ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲು ಅದಕ್ಕಿಂತ ದೊಡ್ಡ ಕಾರಣವೂ ಊರಿಗೆ ಸಿಕ್ಕಿತ್ತು. ಮೂರನೆಯ ದಿನದ ಎಡೆಯನ್ನು ಕಾಗೆ ಮುಟ್ಟಿರಲಿಲ್ಲ.

ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ, ಎಲೆಯಲ್ಲಿ ಬಡಿಸಿ, ಸುಡುಗಾಡಿನ ಬೇವಿನ ಕೆಳಗಿಟ್ಟು ದೂರ ನಿಲ್ಲುವುದು ಸಣ್ಣಕೊಪ್ಪದ ಪದ್ಧತಿ. ಕಾಗೆ ಬಂದು ಮುಟ್ಟಿದರೆ ಹೋದ ಜೀವ ತೃಪ್ತಿಯಾಯಿತೆಂದು ಅರ್ಥ. ಬಾರದಿದ್ದರೆ ಏನೋ ಆಸೆ ಉಳಿದಿದೆ, ಇಲ್ಲವೇ ಯಾರೋ ಮೋಸ ಮಾಡಿದ್ದಾರೆ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು, ಸತ್ತವರನ್ನು ಕರೆದು, ‘ಸಣ್ಣ ಮಗಳ ಮದುವಿ ನಾವು ಮಾಡ್ತೀವಿ’, ‘ನಿನ್ನ ಎತ್ತು ಮಾರೂದಿಲ್ಲ’ ಎಂದು ಮಾತು ಕೊಡಬೇಕು. ತಪ್ಪು ಮಾಡಿದವರು ಒಪ್ಪಿಕೊಳ್ಳಬೇಕು. ಸರಿಯಾದ ಮಾತು ಬಿದ್ದೊಡನೆ ಕಾಗೆ ಇಳಿಯುತ್ತದೆ. ಆ ಊರಿನಲ್ಲಿ ಎಷ್ಟೋ ಮದುವೆಗಳು ಹೀಗೆ ಕಾಗೆಯ ಮುಂದೆಯೇ ಗಟ್ಟಿಯಾಗಿದ್ದವು.

ಅಂದು ಕಡಬು, ಬದನೆಕಾಯಿ ಎಣ್ಣೆಗಾಯಿ ಬಿಸಿಲಿಗೆ ಒಣಗಿ ಬಿರಿದರೂ ಒಂದು ಕಾಗೆಯ ನೆರಳೂ ಬೀಳಲಿಲ್ಲ. ಊರ ಹಿರಿಯ ಪರಸಪ್ಪ ಕೊನೆಗೆ ಗಂಟಲು ಸರಿಮಾಡಿಕೊಂಡು ಕೇಳಿದ್ದ.

“ಲಕ್ಕವ್ವಾ, ನಿಮ್ಮಪ್ಪನ ಕೊನೀ ದಿವಸ ಯಾರು ನೋಡ್ಕೊಂಡ್ರು?”

“ನಾನ. ಊರಿಗೆಲ್ಲ ಗೊತ್ತೈತಿ.”

“ಅದಕ್ಕs ಕೇಳಾಕತ್ತೀನಿ. ಹೊತ್ತಿಗೆ ಸರಿಯಾಗಿ ಉಣ್ಣಾಕ ಹಾಕಿದ್ಯೋ, ಇಲ್ಲೋ?”

“ನಿಮ್ಮ ಮನಿಗಿಂತ ಛಲೋ ಹಾಕೀನಿ, ಕಾಕಾ. ನಿಮ್ಮವ್ವನ್ನ ಕೇಳಿ ನೋಡ್ರಿ, ನೆಪ್ಪಿದ್ರ ಹೇಳ್ತಾಳ.”

ಯಾರೋ ಕಿಸಕ್ಕೆಂದರು. ಪರಸಪ್ಪನ ಮುಖ ಕಪ್ಪಿಟ್ಟಿತು. ಲಕ್ಕವ್ವನ ತಮ್ಮ ಬಾಳಪ್ಪ ನೆಲ ನೋಡುತ್ತ ನಿಂತಿದ್ದ. ಅಕ್ಕನ ಪರವಾಗಿ ಒಂದು ಮಾತೂ ಆಡಲಿಲ್ಲ. ಪಕ್ಕದ ಮನೆಯ ಶಾವಂತ್ರವ್ವ ಮಾತ್ರ, “ಹೆಣ್ಣಮಗಳ ಮ್ಯಾಲ ಸುಮ್ನ ಹಾಕಬ್ಯಾಡ್ರಿ, ನಾ ಕಣ್ಣಾರೆ ನೋಡೀನಿ” ಎಂದಳು. ಪರಸಪ್ಪ ತೀರ್ಮಾನ ಹೇಳಿದ: ಹನ್ನೊಂದನೆಯ ದಿನ ಇನ್ನೊಂದು ಸಲ ಎಡೆ ಇಡುವುದು. ಅಂದೂ ಕಾಗೆ ಬಾರದಿದ್ದರೆ ತಪ್ಪು ಲಕ್ಕವ್ವನದೇ. ಅವಳು ಅಪ್ಪನ ಮನೆ ಬಿಡಬೇಕು. ಅವಳ ಹೊಸ್ತಿಲನ್ನು ಯಾರೂ ತುಳಿಯುವಂತಿಲ್ಲ.

ಲಕ್ಕವ್ವನಿಗೆ ಅನುಮಾನ ಹೊಸದಲ್ಲ. ಅವಳು ಕೊಟ್ಟ ಮನೆಯಿಂದ ತಿರುಗಿ ಬಂದವಳು, ಎಲ್ಲರನ್ನೂ ಅನುಮಾನಿಸಿಯೇ ಬದುಕಿದವಳು. ಅವಳ ದೊಡ್ಡ ಅನುಮಾನ ಒಂದು ಬೆರಳಚ್ಚಿನ ಮೇಲಿತ್ತು.

ದೊಡ್ಡ ವಿಮಾನ ಇಳಿಯಬೇಕಾದರೆ ರನ್‌ವೇ ಇನ್ನೂ ಒಂದು ಕಿಲೋಮೀಟರ್ ಉದ್ದವಾಗಬೇಕಿತ್ತು. ಅದಕ್ಕೆ ಸಣ್ಣಕೊಪ್ಪದ ಹೊಲಗಳು ಬೇಕು. ಹೊಲವಿರುವ ಪ್ರತಿ ಐವರಲ್ಲಿ ನಾಲ್ವರ ಒಪ್ಪಿಗೆ ಬೇಕು. ಕಾಗದದ ಸಹಿಯಲ್ಲಿ ಮೋಸ ನಡೆಯುತ್ತದೆಂದು ಸರಕಾರ ಒಪ್ಪಿಗೆಗೆ ಬೆರಳಚ್ಚಿನ ಯಂತ್ರ ತಂದಿತ್ತು. ಅಂಗೈಯಗಲದ ಆ ಯಂತ್ರ ಜೀವವಿರುವ ಬಿಸಿ ಬೆರಳನ್ನಷ್ಟೇ ಒಪ್ಪುತ್ತಿತ್ತು. ಬೆರಳಿಗೆ ಜೀವವಿದೆಯೇ ಎಂದು ಅದು ನೋಡುತ್ತಿತ್ತು. ಬೆರಳಿನ ಯಜಮಾನನಿಗೆ ಎಚ್ಚರವಿದೆಯೇ ಎಂದು ಕೇಳುತ್ತಿರಲಿಲ್ಲ. ಭರಮಪ್ಪ ಮೊದಲ ಸಲ ಆರು ಎಕರೆ ಕೊಟ್ಟವನು, ಉಳಿದ ನಾಲ್ಕನ್ನು ಕೊಡುವುದಿಲ್ಲವೆಂದು ಎಚ್ಚರವಿರುವವರೆಗೂ ಹೇಳಿದ್ದ. ಆದರೂ ಒಪ್ಪಿದವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಬೆರಳೊತ್ತಿದ ದಿನ ಅವನು ಜಿಲ್ಲಾ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ಬಟ್ಟೆ ತರಲು ಲಕ್ಕವ್ವ ಊರಿಗೆ ಬಂದಿದ್ದ ಆ ಅರ್ಧ ದಿನ ಅವನ ಬಳಿ ಇದ್ದವನು ಬಾಳಪ್ಪ. ಕೇಳಿದರೆ, “ಅಪ್ಪನ ಕಣ್ಣ ತಗದು ಒತ್ತಿದ, ನೀ ಇರಲಿಲ್ಲ” ಎನ್ನುತ್ತಿದ್ದ. ಸಾಕ್ಷಿಯಿಲ್ಲ.

ಲಕ್ಕವ್ವನ ಎಣಿಕೆ ಮುಗಿಯಿತು. ತೊಂಬತ್ತೇಳು ದಿನಗಳಲ್ಲಿ ಊರಿನಲ್ಲಿ ಅಪ್ಪನಲ್ಲದೆ ಇನ್ನಿಬ್ಬರು ಸತ್ತಿದ್ದರು. ಆ ಇಬ್ಬರ ಎಡೆಗೂ ಕಾಗೆ ಬಂದಿರಲಿಲ್ಲ; ಅವರ ಮನೆಯವರು ಒಂದು ತಾಸು ಕಾದು ಆಕಳಿಗೆ ತಿನ್ನಿಸಿ ಸದ್ದಿಲ್ಲದೆ ಮನೆಗೆ ಹೋಗಿದ್ದರು. ಆಮೇಲೆ ಒಂದೊಂದಾಗಿ ಬೇರೆಯವೂ ಹೊಳೆದವು. ಮಾಳಿಗೆಯ ಮೇಲೆ ಹರವಿದ ಜೋಳವನ್ನು ಈ ವರ್ಷ ಯಾರೂ ಕಾದಿರಲಿಲ್ಲ. ಹೊಲದಲ್ಲಿ ಕವಣೆ ಬೀಸಿರಲಿಲ್ಲ. ಬೇವಿನ ಕೆಳಗೆ ಹಿಕ್ಕೆಯ ಒಂದು ಕಲೆಯೂ ಇರಲಿಲ್ಲ. ಮತ್ತೆ ಕಡಲೆಗೆ ಹಿಂದೆಂದೂ ಕಾಣದಷ್ಟು ಹುಳ.

ಅವಳು ಬಕೆಟ್ಟು ಎತ್ತಿಕೊಂಡು ನೇರ ಎರಡನೆಯ ಮಹಡಿಗೆ ಹೋದಳು.

ಅಲ್ಲಿ ಡಾ. ಜಾಹ್ನವಿ ಕಟ್ಟಿಯ ಕೋಣೆ. ಪಕ್ಷಿಗಳ ಕಣ್ಣಿನ ಬಗ್ಗೆ ಓದಿ ಡಾಕ್ಟರಾದ ಧಾರವಾಡದ ಹೆಣ್ಣುಮಗಳು. ಎದುರಿನ ಪರದೆಯ ಮೇಲೆ ನಿಲ್ದಾಣದ ನಕ್ಷೆ, ಅದರ ಸುತ್ತ ಒಂದು ನೀಲಿ ವೃತ್ತ.

“ಮೇಡಮ್ಮಾರ, ಒಂದು ಮಾತು. ನಿಮ್ಮ ಬೋರ್ಡಿನ ಎಣಿಕಿ ಸುರುವಾದ ದಿನದಿಂದ ನಮ್ಮೂರ ಕಾಗಿ ಎಲ್ಲಿ ಹೋಗ್ಯಾವು?”

ಜಾಹ್ನವಿ ಪರದೆ ಮುಚ್ಚಲು ಕೈ ಚಾಚಿದಳು. ಆ ಕೈಯೇ ಉತ್ತರ ಹೇಳಿತು.

“ಮುಚ್ಚಬ್ಯಾಡ್ರಿ. ನಾ ನೋಡೀನಿ. ಈ ಗೆರಿ ಒಳಗ ನಮ್ಮ ಸುಡುಗಾಡು ಐತಿ.”

“ಲಕ್ಕವ್ವ, ಇದು ನಿಮಗ ತಿಳಿಯೂದಿಲ್ಲ.”

“ತಿಳಿಯೂಹಂಗ ಹೇಳ್ರಿ. ನಾ ಪೂರಾ ದಡ್ಡಿಯೇನಲ್ಲ.”

ಜಾಹ್ನವಿ ಬಾಗಿಲು ಹಾಕಿ ಬಂದು ಕುಳಿತಳು. ಅವಳು ಹೇಳಿದ್ದು ಇಷ್ಟು. ಭೂಮಿಗೆ ಅಯಸ್ಕಾಂತದ ಸೆಳೆತವಿದೆ. ಮನುಷ್ಯರಿಗೆ ಅದು ಕಾಣುವುದಿಲ್ಲ, ಹಕ್ಕಿಗಳಿಗೆ ಕಾಣುತ್ತದೆ. ಅವುಗಳ ಕಣ್ಣಿನೊಳಗಿನ ಒಂದು ದ್ರವ್ಯ ಆ ಸೆಳೆತವನ್ನು ಆಕಾಶದ ಮೇಲೆ ಬಿದ್ದ ತೆಳು ನೆರಳಿನಂತೆ ತೋರಿಸುತ್ತದೆ. ಆ ನೆರಳನ್ನು ಹಿಡಿದೇ ಅವು ದಿಕ್ಕು ಅರಿಯುತ್ತವೆ. ಹನ್ನೆರಡು ಕಂಬಗಳಿಂದ ಹೊರಡುವ ಕ್ಷೀಣ ರೇಡಿಯೋ ತರಂಗಗಳು ಆ ನೆರಳನ್ನು ಕದಡಿ ದಟ್ಟಗೊಳಿಸುತ್ತವೆ. ಹಕ್ಕಿಯ ಕಣ್ಣಿಗೆ ಎದುರಿನಲ್ಲಿ ನೆಲದಿಂದ ಮುಗಿಲಿನವರೆಗೆ ಒಂದು ಕಪ್ಪು ಗೋಡೆ ಎದ್ದು ನಿಲ್ಲುತ್ತದೆ. ಜಾಹ್ನವಿ ಅದಕ್ಕೆ ಕತ್ತಲಗೋಡೆ ಎಂದು ಹೆಸರಿಟ್ಟಿದ್ದಳು.

“ಹಕ್ಕಿಗೆ ನೋವಾಗೂದಿಲ್ಲ, ಸಾಯೂದಿಲ್ಲ. ಹೊಳ್ಳಿ ಹೋಗ್ತದ ಅಷ್ಟ. ವಿಮಾನದಾಗ ಎಪ್ಪತ್ತು ಜನ ಇರ್ತಾರ. ಒಂದು ಹದ್ದು ಎಂಜಿನ್ನಿನೊಳಗ ಹೋತಂದ್ರ...”

“ಎಪ್ಪತ್ತು ಜನ ಉಳೀಲಿ, ನಾ ಬ್ಯಾಡಂದಿಲ್ಲ. ಗ್ವಾಡಿ ಬೇಲೀಗೆ ಹಾಕೂದು ಬಿಟ್ಟು ನಮ್ಮೂರ ಮ್ಯಾಲ್ಯಾಕ ಹಾಕೀರಿ?”

ಜಾಹ್ನವಿ ಅದನ್ನೂ ಹೇಳಿದಳು. ಪರವಾನಗಿ ಇದ್ದದ್ದು ಬೇಲಿಯಿಂದ ಒಂದು ಕಿಲೋಮೀಟರಿಗೆ. ದೊಡ್ಡ ವಿಮಾನಗಳ ಪರೀಕ್ಷೆಗೆ ಮೇಲಿನವರು ಬರುತ್ತಾರೆ, ಒಂದೇ ಒಂದು ಹಕ್ಕಿ ಕಾಣಬಾರದು ಎಂದು ನಿಲ್ದಾಣದ ಕಂಪನಿ ಬಲ ಹೆಚ್ಚಿಸಲು ಬಾಯಿಮಾತಿನಲ್ಲಿ ಹೇಳಿತ್ತು. ಈಗ ಗೋಡೆ ಮೂರು ಕಿಲೋಮೀಟರ್ ದೂರ ನಿಂತಿತ್ತು. ಲಕ್ಕವ್ವ ಅಪ್ಪನ ಎಡೆಯ ಸುದ್ದಿಯನ್ನೂ ಪರಸಪ್ಪನ ತೀರ್ಮಾನವನ್ನೂ ಅವಳಿಗೆ ಹೇಳಿದಳು.

“ಇದನ್ನ ಹೊರಗ ಹೇಳಿದ್ರ ನನ್ನ ಕೆಲಸ ಹೋಗ್ತದ,” ಎಂದಳು ಜಾಹ್ನವಿ. “ನಿಮ್ಮ ಕಷ್ಟ ನನಗ ತಿಳಿತದ. ಹನ್ನೊಂದನೇ ದಿನ ಅಂದ್ರಿ ಅಲ್ಲ, ಅವತ್ತು ಮುಂಜಾನೆ ವಿಮಾನ ಇಲ್ಲದ ಹೊತ್ತಿನಾಗ ಒಂದು ತಾಸು ಬಂದ್ ಮಾಡ್ತೀನಿ. ಕೆರಿ ಆಚೆ ಕಾಗಿ ಅವ. ಅನ್ನ ಕಂಡ್ರ ಒಂದಾದ್ರೂ ಬರ್ತದ.”

ಲಕ್ಕವ್ವ ಒದ್ದೆ ಬಟ್ಟೆ ಹಿಂಡುತ್ತ ನಿಂತಳು. ಕಾಗೆ ಬಂದರೆ ಅವಳ ಹೆಸರು ಉಳಿಯುತ್ತದೆ. ಕಾಗೆ ಬಂದರೆ ಬಾಳಪ್ಪನೂ ಉಳಿಯುತ್ತಾನೆ: ಅಪ್ಪ ತೃಪ್ತಿಯಾದ, ಬೆರಳೊತ್ತಿದ್ದು ಅಪ್ಪನೇ. ನಾಲ್ಕು ಎಕರೆಯ ಮೇಲೆ ಟಾರು ಬೀಳುತ್ತದೆ. ಮೂರನೆಯ ದಿನ ತಮ್ಮ ನೆಲ ನೋಡುತ್ತಿದ್ದ ಬಗೆ ಅವಳಿಗೆ ನೆನಪಾಯಿತು. ಊರಿಗೆ ಊರೇ ಮುಗಿಲು ನೋಡುತ್ತಿದ್ದಾಗ ಅವನೊಬ್ಬ ತಲೆ ಎತ್ತಿರಲಿಲ್ಲ.

“ಬ್ಯಾಡ್ರಿ,” ಎಂದಳು. “ಬಂದ್ ಮಾಡಬ್ಯಾಡ್ರಿ. ಆಗೂದಿದ್ರ ಅವತ್ತ ಇನ್ನಷ್ಟು ಜೋರ್ ಇಡ್ರಿ.”

ಜಾಹ್ನವಿ ಅವಳ ಮುಖವನ್ನೇ ನೋಡಿದಳು. “ಮನಿ ಬಿಡಬೇಕಾಗ್ತದ ಅಂದ್ರಿ?”

“ಅದು ನನ್ನ ಚಿಂತಿ. ನೀವು ಬಾಯಿ ಮುಚ್ಚಿಕೊಂಡಿರ್ರಿ, ನಾನೂ ಮುಚ್ಚಿಕೊಂಡಿರ್ತೀನಿ.”

ಹನ್ನೊಂದನೆಯ ದಿನ ಬೇವಿನ ಕೆಳಗೆ ಊರೆಲ್ಲ ಸೇರಿತ್ತು. ಲಕ್ಕವ್ವ ಅಪ್ಪನಿಗೆ ಇಷ್ಟವಾದ ಮಾದಲಿ, ಕಡಬು, ಒಂದು ಕಟ್ಟು ಬೀಡಿ ಎಲೆಯಲ್ಲಿಟ್ಟಳು. ಒಂಬತ್ತಾಯಿತು, ಹತ್ತಾಯಿತು. ಲಕ್ಕವ್ವ ಮುಂದೆ ಬಂದಳು.

“ಯಪ್ಪಾ, ನಾ ನಿನಗ ಏನರ ಕಮ್ಮಿ ಮಾಡಿದ್ರ ಹೇಳು. ಈಗಿಂದೀಗ ಊರು ಬಿಡ್ತೀನಿ. ನಿನ್ನ ಮಗಾ ಏನರ ಮಾಡಿದ್ರ ಅಂವ ಹೇಳ್ತಾನ. ಅಲ್ಲೀತನ ನೀ ಉಣ್ಣಬ್ಯಾಡ.”

ಜನ ಬಾಳಪ್ಪನ ಕಡೆ ತಿರುಗಿದರು. ಅವನು ಟವೆಲಿನಿಂದ ಕತ್ತು ಒರೆಸಿಕೊಂಡ. ಬಿಸಿಲು ಏರುತ್ತಿತ್ತು. ಆಕಾಶ ತೊಳೆದಿಟ್ಟಂತೆ ಖಾಲಿ. ಗುಬ್ಬಿಯೂ ಇಲ್ಲ, ಗಿಡುಗವೂ ಇಲ್ಲ. ಅಷ್ಟು ಖಾಲಿ ಆಕಾಶವನ್ನು ತಾಸುಗಟ್ಟಲೆ ನೋಡಿದರೆ ತಪ್ಪು ಮಾಡದವನಿಗೂ ಎದೆ ಕುಸಿಯುತ್ತದೆ. ಹನ್ನೊಂದರ ಸುಮಾರಿಗೆ ಬಾಳಪ್ಪ ಎಲೆಯ ಮುಂದೆ ಕುಸಿದು ಕುಳಿತ.

“ನಾನ ಒತ್ತಿಸೀನಪ್ಪೋ! ನಿನಗ ಎಚ್ಚರಿರಲಿಲ್ಲ. ನಿಲ್ದಾಣದೊಳಗ ಟ್ಯಾಕ್ಸಿ ನಿಲ್ಲಿಸಾಕ ಜಾಗಾ ಕೊಡಿಸ್ತೀವಿ ಅಂದ್ರು. ನಿನ್ನ ಬೆರಳ ಹಿಡಕೊಂಡು ಒತ್ತೀನಿ. ನೀ ಬೆರಳ ಎಳಕೊಂಡಿ... ಎರಡ ಸಲ ಎಳಕೊಂಡಿ.”

ಆ ಎರಡು ಸಲ ಎಂಬುದು ಲಕ್ಕವ್ವನಿಗೂ ಗೊತ್ತಿರಲಿಲ್ಲ. 

ಕಾಗೆ ಆಗಲೂ ಬರಲಿಲ್ಲ. ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ಇನ್ನೂ ಏನೋ ಬಾಕಿ ಇದೆ ಎಂದು ಊರು ತಿಳಿಯಿತು. ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಮುಂದೆ ನಡೆದದ್ದನ್ನು ಲಕ್ಕವ್ವ ಕನಸಿನಲ್ಲೂ ಎಣಿಸಿರಲಿಲ್ಲ. ಪರಸಪ್ಪ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಮರೆವು ಕವಿದ ತನ್ನ ತಾಯಿಯ ಬೆರಳನ್ನು ತಾನೇ ಒತ್ತಿಸಿದ್ದಾಗಿ ಹೇಳಿದ. ಯಂತ್ರ ಹಿಡಿದು ಮನೆಮನೆಗೆ ಹೋದವನೂ ಅವನೇ. ಕುಡಿದು ಬಿದ್ದವರು, ನಿದ್ದೆಯಲ್ಲಿದ್ದವರು, ಹಾಸಿಗೆ ಹಿಡಿದವರು, ಹೀಗೆ ಹದಿನೇಳು ಬೆರಳು. ಬಿಸಿಯಾಗಿದ್ದವು, ಅಷ್ಟೇ.

ಮರುದಿನವೇ ಲಕ್ಕವ್ವ ಹದಿನೇಳು ಮನೆಯವರನ್ನು ಕಟ್ಟಿಕೊಂಡು ಜಿಲ್ಲಾ ಕಚೇರಿಗೆ ಹೋದಳು. ತನಿಖೆ ನಡೆಯಿತು. ಒತ್ತಾಯದಿಂದ ಹೇಳುತ್ತಿದ್ದೀರಾ ಎಂದು ಅಧಿಕಾರಿ ಬಾಳಪ್ಪನನ್ನು ಕೇಳಿದರು.

“ಹೌದ್ರಿ, ಒತ್ತಾಯಾತು.”

“ಯಾರಿಂದ?”

“ಕಾಗೀದ್ರಿ.”

ಅಧಿಕಾರಿ ನಕ್ಕರು, ನಿಲ್ದಾಣದ ವಕೀಲರು ನಗಲಿಲ್ಲ. ಕಾಗೆ ಬಾರದ್ದು ನಮ್ಮ ಕಂಬಗಳಿಂದ ಎಂದು ಅವರು ಒಂದು ಮಾತು ಹೇಳಿದ್ದರೆ ತಪ್ಪೊಪ್ಪಿಗೆಗಳೆಲ್ಲ ಹಗುರವಾಗುತ್ತಿದ್ದವು. ಹೇಳಿದರೆ ಪರವಾನಗಿಯಿಲ್ಲದ ಗೋಡೆಯ ಸುದ್ದಿ ಹೊರಬರುತ್ತಿತ್ತು. ಅವರು ಫೈಲು ಮುಚ್ಚಿಕೊಂಡು ಕುಳಿತರು. ಒಪ್ಪಿಗೆಗಳು ಬಿದ್ದುಹೋದವು, ವಿಸ್ತರಣೆ ನಿಂತಿತು. ಭರಮಪ್ಪನ ಹೊಲದ ಬದುವಿನಲ್ಲಿ ಊರಿದ್ದ ಕಾಂಕ್ರೀಟಿನ ಗುರುತುಕಲ್ಲನ್ನು ಲಕ್ಕವ್ವ ಹಾರೆಯಿಂದ ಕಿತ್ತು ಹಳ್ಳಕ್ಕೆ ಉರುಳಿಸಿದಳು.

ಆದರೆ ಊರು ಬದಲಾಗಿತ್ತು. ಹದಿನೇಳು ಸುಳ್ಳುಗಳನ್ನು ಹೊರಗೆಳೆದ ಕಾಗೆಗೆ ಈಗ ಕೋರ್ಟಿಗಿಂತ ಹೆಚ್ಚು ಮರ್ಯಾದೆ. ಯಾರಾದರೂ ಸತ್ತರೆ ಮನೆಯವರು ಅಳುವುದಕ್ಕೆ ಮೊದಲು ಹೆದರುತ್ತಿದ್ದರು. ಎಡೆಯ ಮುಂದೆ ಅತ್ತೆ ಸೊಸೆಯನ್ನು, ಸೊಸೆ ಗಂಡನನ್ನು ನೋಡುತ್ತಿದ್ದರು. ಪರಸಪ್ಪ ಎಲ್ಲರ ಮಾತನ್ನೂ ಫೋನಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದ. ತಪ್ಪೊಪ್ಪಿಕೊಂಡ ಮೇಲೆ ಅವನಿಗೆ ಊರಿನಲ್ಲಿ ಇನ್ನೂ ದೊಡ್ಡ ಹೆಸರು ಬಂದಿತ್ತು.

ನಾಲ್ಕು ತಿಂಗಳ ನಂತರ ಶಾವಂತ್ರವ್ವನ ಗಂಡ ಯಮನಪ್ಪ ಸತ್ತ. ಲಕವಾ ಹೊಡೆದು ಆರು ವರ್ಷ ಮಲಗಿದ್ದವನು. ಆರು ವರ್ಷ ಅವನನ್ನು ಶಾವಂತ್ರವ್ವ ಮಗುವಿನಂತೆ ತೊಳೆದು, ಬಳಿದು, ಅನ್ನ ಕಲಸಿ ತಿನ್ನಿಸಿದ್ದಳು. ಮೂರನೆಯ ದಿನ ಕಾಗೆ ಬರಲಿಲ್ಲ. ಅಂದಿನಿಂದ ಅವಳು ಊಟ ಬಿಟ್ಟಳು. ಗೋಡೆಗೆ ಒರಗಿ ಕುಳಿತು ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದಳು.

ಲಕ್ಕವ್ವ ಜಾಹ್ನವಿಯ ಕೋಣೆಗೆ ಓಡಿದಳು. ಬೇಲಿಯ ಕಂಬಗಳು ಮಾಯವಾದದ್ದನ್ನು ಅವಳು ಕಂಡಿದ್ದಳು; ಕಾಗೆ ಬಾರದ್ದರಿಂದ, ಅವನ್ನು ಬೇರೆಲ್ಲೋ ಬಚ್ಚಿಟ್ಟು ನಡೆಸುತ್ತಿದ್ದಾರೆಂದೇ ತಿಳಿದಿದ್ದಳು. “ಮೇಡಮ್ಮಾರ, ಅವತ್ತು ನೀವು ಅಂದಿದ್ರಿ. ಒಂದು ತಾಸು ಬಂದ್ ಮಾಡ್ರಿ. ಹನ್ನೊಂದನೇ ದಿನ. ನಾ ಕಾಲಿಗೆ ಬೀಳ್ತೀನಿ.”

“ಬಂದ್ ಮಾಡಾಕ ಏನೂ ಉಳಿದಿಲ್ಲ, ಲಕ್ಕವ್ವ,” ಎಂದಳು ಜಾಹ್ನವಿ. “ತನಿಖೆಯವರು ಬಂದ್ರಲ್ಲ, ಅವತ್ತ ಕಂಬ ಕಿತ್ತು ಲಾರಿಗೆ ಹೇರಿ ಕಳಿಸಿಬಿಟ್ರು. ಮೂರು ತಿಂಗಳಾತು.”

“ಹಂಗಾದ್ರ ಕಾಗಿ?”

“ಬೆಳ್ಳಕ್ಕಿ ಬಂದಾವ, ಗುಬ್ಬಿ ಬಂದಾವ. ಕಾಗಿ ಬಂದಿಲ್ಲ. ಕಾಗಿ ಅಂದ್ರ ಭಾಳ ಶಾಣೇ ಹಕ್ಕಿ; ಒಮ್ಮೆ ಹೆದರಿದ ಜಾಗ ಮರೆಯೂದಿಲ್ಲ. ಮರಿಗೂ ಕಲಿಸ್ತದ, ಗೆಳೆಯರಿಗೂ ಕಲಿಸ್ತದ. ಗೋಡೆ ನೋಡದ ಕಾಗಿ ಸುದ್ದಾ ಈಗ ಇಲ್ಲಿ ಬರಾಕ ಹೆದರ್ತದ. ನಾನು ಇದನ್ನ ಲೆಕ್ಕಕ್ಕ ಹಿಡಿದಿರಲಿಲ್ಲ.”

“ಎಷ್ಟು ದಿನ ಹಿಂಗ?”

“ಗೊತ್ತಿಲ್ಲ. ಹತ್ತು ವರ್ಷ ಇರಬಹುದು. ಇಪ್ಪತ್ತೂ ಆಗಬಹುದು.”

ಹನ್ನೊಂದನೆಯ ದಿನ ಶಾವಂತ್ರವ್ವ ಬೇವಿನ ಕೆಳಗೆ ನಿಂತು ಶುರುಮಾಡಿದಳು. ಒಂದು ಸಲ ಸಿಟ್ಟಿನಲ್ಲಿ ಉಪ್ಪಿಲ್ಲದ ಅಂಬಲಿ ಕುಡಿಸಿದ್ದೆ. ಒಂದು ಸಲ ತವರಿಗೆ ಹೋಗಿ ಹೊತ್ತು ಮೀರಿ ಬಂದೆ, ನೀವು ಒದ್ದೆಯಲ್ಲಿ ಮಲಗಿದ್ದಿರಿ. ಜನ ಆಕಾಶ ನೋಡಿದರು. ಪರಸಪ್ಪ ಫೋನು ಮುಂದೆ ಹಿಡಿದು, “ಇನ್ನೂ ಐತಿ ಬೇ, ದೊಡ್ಡದು ಏನೋ ಐತಿ. ನೆನಸಿಕೋ” ಎಂದ.

ಲಕ್ಕವ್ವನಿಗೆ ತಡೆಯಲಾಗಲಿಲ್ಲ. “ಕಾಗಿ ಬರೂದಿಲ್ಲ!” ಎಂದು ಕೂಗಿದಳು. “ಯಾರು ಏನ ಹೇಳಿದ್ರೂ ಬರೂದಿಲ್ಲ. ವಿಮಾನದವರು ಕಂಬ ನಿಲ್ಲಿಸಿ ಹೆದರಿಸಿ ಓಡಿಸ್ಯಾರ.”

ಅವಳು ಎಲ್ಲವನ್ನೂ ಹೇಳಿದಳು. ಜನ ಕೇಳಿದರು. ಕೇಳಿದ ಮೇಲೆ ಒಬ್ಬ, “ಯಾವ ಕಂಬ? ನಿನ್ನೆ ಆ ಕಡೆ ದನ ಹೊಡಕೊಂಡು ಹೋಗಿದ್ದೆ, ಒಂದೂ ಇಲ್ಲ” ಎಂದ. ಇನ್ನೊಬ್ಬಳು, “ನಮ್ಮ ಮಾಳಗಿ ಮ್ಯಾಲ ಗುಬ್ಬಿ ಕುಂತಾವು, ಅವಕ್ಕ್ಯಾಕ ಹೆದರಿಕಿಲ್ಲ?” ಎಂದಳು.

ಬಾಳಪ್ಪ ಮುಂದೆ ಬಂದ. ಒಪ್ಪಿಕೊಂಡ ಮೇಲೆ ಅವನ ಹೆಂಡತಿ ತವರಿಗೆ ಹೋಗಿದ್ದಳು, ಮೇಲೊಂದು ಪೊಲೀಸು ಕೇಸಿತ್ತು.

“ಅಕ್ಕಾ, ಅಪ್ಪನ ಹನ್ನೊಂದನೇ ದಿನ ಇದು ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ಸುಳ್ಳು,” ಎಂದ. “ಅವತ್ತು ಅಪ್ಪಾನ ಕಾಗಿ ತಡದಿದ್ದ. ನಾ ಬಲ್ಲೆ.”

“ವಿಮಾನದವರು ಇಕೀನ್ನ ಕೊಂಡಾರ,” ಎಂದ ಪರಸಪ್ಪ ಸಾವಕಾಶವಾಗಿ. “ಕಾಗಿ ಸುಳ್ಳಂದ್ರ ನಾವು ಹೇಳಿದ್ದೆಲ್ಲಾ ಸುಳ್ಳಾತು. ಹೊಲ ಮತ್ತ ಅವರದು. ದಿನಾ ಅಲ್ಲೇ ಕಸ ಹೊಡಿಯಾಕ ಹೋಗ್ತಾಳ, ಕೇಳಬೇಕೇನು?”

ಗುಂಪಿನಲ್ಲಿ ತಲೆಗಳು ಅಲ್ಲಾಡಿದವು. ಲಕ್ಕವ್ವನ ಸುತ್ತ ಜಾಗ ತೆರವಾಯಿತು. ಅವಳು ಜನವನ್ನು ಬಿಟ್ಟು ಶಾವಂತ್ರವ್ವನ ಕೈ ಹಿಡಿದಳು. “ಯಕ್ಕಾ, ನೀನಾರ ನಂಬು. ನೀ ಏನೂ ತಪ್ಪು ಮಾಡಿಲ್ಲ.”

ಶಾವಂತ್ರವ್ವ ಕೈ ಬಿಡಿಸಿಕೊಂಡಳು. “ನೀ ಸುಮ್ನಿರು, ತಂಗಿ. ನಂದು ಇನ್ನೊಂದು ಹೇಳೂದೈತಿ.”

ಅವಳು ಎಲೆಯ ಮುಂದೆ ಮಂಡಿಯೂರಿದಳು. “ಕೊನೀ ದಿನ ನೀವು ನೀರು ಬೇಡಿದ್ರಿ. ನನಗ ಕೇಳಿಸಿತ್ತು. ಸಾಕಾಗಿತ್ತು ನನಗ. ಬೇಕಂತs ಕೊಡಲಿಲ್ಲ. ನಾನ ನಿಮ್ಮನ್ನ ಕೊಂದೀನಿ.”

ಕೊನೆಯ ದಿನ ಯಮನಪ್ಪನ ಬಾಯಿಗೆ ಚಮಚದಿಂದ ನೀರು ಬಿಟ್ಟವಳು ಲಕ್ಕವ್ವ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಶಾವಂತ್ರವ್ವ. ಅವನು ಏನನ್ನೂ ಬೇಡಿರಲಿಲ್ಲ. ಆರು ವರ್ಷದಿಂದ ಅವನಿಗೆ ಮಾತೇ ಇರಲಿಲ್ಲ.

“ಹಾಂ,” ಎಂದು ಪರಸಪ್ಪ ಫೋನು ಆರಿಸಿ ಜೇಬಿಗಿಟ್ಟ. “ಈಗ ಬರ್ತೈತಿ ನೋಡ್ರಿ.”

ಎಲ್ಲರೂ ತಲೆ ಎತ್ತಿದರು. ಶಾವಂತ್ರವ್ವನೂ ಎತ್ತಿದಳು.